ಕಿಟಕಿಗೆ ಕಂಡವಳು

ನಂಬಬೇಡ. ಧೈರ್ಯವಿದ್ದರೆ ನನ್ನ ಮುಖ ನೋಡಿಕೊಂಡು ‘ಸುಳ್ಳು’ ಅನ್ನು. ಅಂದವರು ಇದ್ದಾರೆ. ಅವರಿಗೆಲ್ಲ ನಾನು ಈ ಅಂಗೈ ಚಾಚಿದ್ದೇನೆ. ಮೂಸಿ ನೋಡಿ, ಓಡುವ ರೈಲಿಗೆ ಹಾರಿ ಹಿಡಿದ ಕಬ್ಬಿಣದ ವಾಸನೆ ಇನ್ನೂ ಹೋಗಿಲ್ಲ ಅಂದಿದ್ದೇನೆ. ನಮ್ಮೂರಲ್ಲಿ ನನ್ನಷ್ಟು ದೂರ ಹಾರಿದವನಿಲ್ಲ. ನನ್ನಷ್ಟು ಗಟ್ಟಿ ಗಂಟಲಿನವನಿಲ್ಲ. ಎರಡು ಕಂಕುಳಲ್ಲಿ ಎರಡು ಟಗರು ಇರುಕಿಕೊಂಡು ಗುಡ್ಡ ಹತ್ತಿದವನೂ ಇನ್ನೊಬ್ಬನಿಲ್ಲ. ಜಂಬ ಅನ್ನುತ್ತೀಯಾ? ಅನ್ನು. ಈ ದೇಶವನ್ನು ಕಿಟಕಿಯಿಂದ ಒಂದು ಸುತ್ತು ಪೂರ್ತಿ ನೋಡಿ, ಒಂದೇ ಒಂದು ಸಲವೂ ‘ಆಹಾ’ ಅನ್ನದೆ ಬಂದವನು ಎಲ್ಲಾದರೂ ಇದ್ದರೆ ಕರೆದುಕೊಂಡು ಬಾ, ಅವನ ಕಾಲಿಗೆ ಬೀಳುತ್ತೇನೆ. ಸಿಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮೂರಿನ ಮುಂದೆ ಹಳಿ ಹೋಗುತ್ತದೆ. ಹಳಿಯ ಮೇಲೆ ರೈಲು ಹೋಗುತ್ತದೆ. ರೈಲು ನಿಲ್ಲುವುದಿಲ್ಲ. ನಮ್ಮೂರಲ್ಲಿ ಅಂತಲ್ಲ, ಎಲ್ಲೂ ನಿಲ್ಲುವುದಿಲ್ಲ. ದೇಶವನ್ನು ಸುತ್ತುವುದು ಅದರ ಕೆಲಸ. ಒಳಗಿರುವವರು ಇಳಿಯುವುದಿಲ್ಲ, ನೋಡುವುದು ಅವರ ಕೆಲಸ. ಹೊರಗಿರುವ ನಾವು ಹತ್ತುವುದಿಲ್ಲ, ಕಾಣುವುದು ನಮ್ಮ ಕೆಲಸ.

ನಮ್ಮೂರಿಗೆ ಇರುವುದು ಒಂದೇ ಕಟ್ಟಳೆ. ಕೂಸು ‘ಅವ್ವಾ’ ಅನ್ನಲು ಕಲಿಯುವ ಮೊದಲೇ ಅದರ ಕಿವಿಯಲ್ಲಿ ಊದುತ್ತಾರೆ: ಕಿಟಕಿಗೆ ಕಂಡದ್ದು ಕಿಟಕಿಯದು.

ರೈಲಿನ ಒಳಗಿಂದ ಯಾರಾದರೂ ಹೊರಗಿನದೊಂದನ್ನು ನೋಡಿ ‘ಆಹಾ’ ಅಂದರೆ ಮುಗಿಯಿತು. ಹಳಿಯ ಪಕ್ಕದ ಗೂಡಿನಲ್ಲಿ ಬಾವುಟದವನು ಕೂತಿರುತ್ತಾನೆ. ಎಷ್ಟೇ ಸದ್ದಿನಲ್ಲೂ ಆ ಒಂದು ಶಬ್ದ ಹೆಕ್ಕಲೆಂದೇ ಅವನ ಕಿವಿ ಹುಟ್ಟಿದೆ. ರೈಲು ಹೋದಮೇಲೆ ಸುಣ್ಣದ ಡಬ್ಬಿ ಹಿಡಿದು ಬರುತ್ತಾನೆ. ಕಂಡದ್ದರ ಸುತ್ತ ಬಿಳೀ ಗೆರೆ ಎಳೆಯುತ್ತಾನೆ. ಗೆರೆಯ ಒಳಗಿನದನ್ನು ಮುಟ್ಟುವಂತಿಲ್ಲ, ಕದಲಿಸುವಂತಿಲ್ಲ.

ಗುಡ್ಡದಿಂದ ಧುಮುಕುವ ನಮ್ಮೂರ ಅಬ್ಬಿಗೆ ಯಾವ ಕಾಲದಲ್ಲೋ ‘ಆಹಾ’ ಬಿದ್ದಿತ್ತು. ಅಲ್ಲಿಂದ ಅದರ ನೀರನ್ನು ನಮ್ಮೂರಿನವರು ಯಾರೂ ಕುಡಿದಿಲ್ಲ. ಗುಡ್ಡದ ಹಿಂದೆ ಹೊಂಡ ತೋಡಿ ಅದರ ಕೆಸರನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಹಳಿ ಪಕ್ಕದ ಬತ್ತದ ಗದ್ದೆಗೆ ‘ಆಹಾ’ ಬಿದ್ದಿತ್ತು. ಅದು ಬಂಗಾರವಾಗಿ ಮಾಗುತ್ತದೆ, ಬಂಗಾರವಾಗಿಯೇ ಉದುರುತ್ತದೆ, ನಾವು ಗುಡ್ಡದ ಹಿಂದೆ ಬೆಳೆದ ರಾಗಿ ತಿನ್ನುತ್ತೇವೆ. ಮನೆಗಳಿಗೆ ಹಳಿಯ ಕಡೆ ಮಾತ್ರ ಗೋಡೆ. ಕೆಮ್ಮಣ್ಣು, ಸುಣ್ಣ, ರಂಗೋಲಿ ಎಲ್ಲ ಅಲ್ಲೇ. ಹಿಂದೆ ಗೋಣಿಚೀಲ. ಮುಂದೆ ಅರಮನೆ, ಹಿಂದೆ ಹರಿದ ಕೌದಿ.

ಶಿಳ್ಳೆ ಕೇಳಿತೆಂದರೆ ಊರಿಗೆ ಊರೇ ಓಡಿಬಂದು ತನ್ನ ತನ್ನ ಜಾಗ ಹಿಡಿಯುತ್ತದೆ. ಉಳುವವನು ಮಣ್ಣಿಗೆ ತಾಕದ ನೇಗಿಲ ಮೇಲೆ ಕೈ ಇಡುತ್ತಾನೆ. ಬುಟ್ಟಿ ಹೆಣೆಯುವವಳು ಹೆಣೆದು ಮುಗಿದ ಬುಟ್ಟಿಯನ್ನೇ ಮತ್ತೆ ಹೆಣೆಯುವಂತೆ ಬೆರಳಾಡಿಸುತ್ತಾಳೆ. ಮಕ್ಕಳು ಕೈ ಬೀಸುತ್ತಾರೆ. ನಾನು ಬಂಡೆಯ ಮೇಲೆ ಕೊಳಲು ಊದುತ್ತಾ ನಿಲ್ಲುವವನು. ಕೊಳಲಿಗೆ ತೂತಿರಲಿಲ್ಲ. ಊರ ಹಿರೀಕ ಮರದ ಹಿಂದೆ ಅಡಗಿ ಬಡಿದುಕೊಳ್ಳುತ್ತಿದ್ದ: “ನಗ್ರೋ! ಹಲ್ಲು ಕಾಣ್ಲಿ! ಏ ದಡ್ಡ, ಹೊಟ್ಟೆ ಒಳಗೆ ಎಳ್ಕೋ!” ರೈಲು ಬಂತು, ರೈಲು ಹೋಯಿತು. ಹೋದಮೇಲೆ ಹಿರೀಕ ಧೂಳು ಒರೆಸಿಕೊಂಡು ಹೇಳುತ್ತಿದ್ದ, “ಹಳಿ ಉದ್ದಕ್ಕೂ ಹುಡುಕ್ರೀ, ನಮ್ಮಷ್ಟು ಚೆಂದದ ಊರು ಇನ್ನೊಂದಿಲ್ಲ.” ನಾವೂ ಎದೆ ಉಬ್ಬಿಸಿಕೊಂಡು ಕೆಸರು ಸೋಸಲು ಹೋಗುತ್ತಿದ್ದೆವು.

ಅಲ್ಲಿಯ ತನಕ ಸುಣ್ಣದ ಗೆರೆ ಬಿದ್ದದ್ದು ನೀರಿಗೆ, ಮರಕ್ಕೆ, ಗದ್ದೆಗೆ. ನಮ್ಮೂರಲ್ಲಿ ಮನುಷ್ಯರಿಗೆ ಬಿದ್ದಿರಲಿಲ್ಲ.

ಬಿದ್ದದ್ದು ನನ್ನ ಅಕ್ಕನಿಗೆ.

ಅವಳ ಮದುವೆಗೆ ಚಪ್ಪರ ಹಾಕುತ್ತಿದ್ದ ದಿನ. ಮೇಕೆಮರಿಯೊಂದು ತಪ್ಪಿಸಿಕೊಂಡು ಹಳಿಯ ಕಡೆ ಓಡಿತು. ಅಕ್ಕ ಬೆನ್ನು ಹತ್ತಿದಳು. ಒಂದು ಚಪ್ಪಲಿ ಕಾಲಿನಿಂದ ಹಾರಿಹೋಯಿತು. ಮರಿಯನ್ನು ಹಿಡಿದು ಎದೆಗೆ ಅವುಚಿಕೊಂಡು, ಅದಕ್ಕೆ ಬಾಯಿತುಂಬ ಬೈಯುತ್ತಾ ಒಂಟಿ ಚಪ್ಪಲಿಯಲ್ಲಿ ಅವಳು ನಿಂತಿದ್ದಾಗ ರೈಲು ಬಂತು. ರೈಲು ಹೋಯಿತು. ಬಾವುಟದವನು ಸುಣ್ಣದ ಡಬ್ಬಿ ಹಿಡಿದು ಬಂದ.

“ಏನಯ್ಯಾ, ಇಲ್ಲಿ ಏನಿದೆ ಅಂತ ಬಂದೆ?” ಅಂದಳು ಅಕ್ಕ.

ಅವನು ಬಗ್ಗಿ, ಅವಳ ಸುತ್ತ ಗೆರೆ ಎಳೆದ.

ಅವಳು ನಕ್ಕಳು. ಆಮೇಲೆ ನಗಲಿಲ್ಲ. ಗೆರೆಯ ಒಳಗೆ ಕೂರಬಹುದು, ಮಲಗಬಹುದು. ದಾಟುವಂತಿಲ್ಲ. ಶಿಳ್ಳೆ ಕೇಳಿದರೆ ಎದ್ದು, ಮರಿ ಎತ್ತಿಕೊಂಡು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಕಂಡಂತೆಯೇ ನಿಲ್ಲಬೇಕು. ಬರಿಗಾಲಿನ ಕೆಳಗೆ ಬಿಸಿಲಿಗೆ ಕಾದ ಜಲ್ಲಿಕಲ್ಲು. ಮರಿ ಬೆಳೆದು ಮೇಕೆಯಾಗುತ್ತಿತ್ತು, ಊರವರು ಅದನ್ನು ಎಳೆದುಕೊಂಡು ಹೋಗಿ ಹೊಸ ಮರಿ ಕೊಡುತ್ತಿದ್ದರು. ಅಕ್ಕನಿಗೆ ಬದಲಿ ಇರಲಿಲ್ಲ.

ಊರವರು ಏನು ಮಾಡಿದರು ಗೊತ್ತಾ? ಹೂ ತಂದು ಗೆರೆಯ ಹೊರಗಿಟ್ಟರು! ನನ್ನ ಬೆನ್ನು ತಟ್ಟಿದರು! ಮದುವೆಯಾಗಬೇಕಿದ್ದ ಗಂಡು ಬಂದ, ಗೆರೆಯ ಆಚೆ ಕೈಕಟ್ಟಿ ನಿಂತು ನೋಡಿದ, “ನಾನು ಕಟ್ಟಿಕೊಳ್ಳಬೇಕಾಗಿದ್ದವಳು ಕಿಟಕಿಗೇ ಕಂಡಳಲ್ಲ!” ಅಂತ ಮೀಸೆ ತಿರುವಿಕೊಂಡು ಹೋದ. ಹೋದವನು ಈ ಕಡೆ ತಲೆ ಹಾಕಲಿಲ್ಲ. ಊರೂರಲ್ಲಿ ಅದನ್ನೇ ಹೇಳಿಕೊಂಡು ಹೆಣ್ಣು ಕೇಳಿದನಂತೆ. ಅವನ ವಂಶಕ್ಕಿಷ್ಟು!

ನಾನು ಅವಳಿಗೆ ಅಂಬಲಿ ಒಯ್ಯುತ್ತಿದ್ದೆ.

“ಏನೋ ಇದು, ಉಪ್ಪೇ ಇಲ್ಲ. ಕಿಟಕಿಗೆ ಕಂಡವಳಿಗೆ ನಾಲಿಗೆ ಇಲ್ಲ ಅಂದ್ಕೊಂಡ್ಯಾ?”

“ಅಕ್ಕಾ, ದಾಟಿಬಿಡು. ಯಾರು ತಡೀತಾರೋ ನೋಡ್ತೀನಿ. ಒಬ್ಬೊಬ್ಬರ ಕಾಲು ಮುರೀತೀನಿ.”

“ಕಾಲು ಮುರಿದ್ರೆ ಏನು ಬಂತು, ಪೈಲ್ವಾನ? ಎತ್ತೋಕೆ ಹೋದ್ರೆ ನನ್ನ ಕಾಲೇ ಏಳಲ್ಲ. ನೋಡು.” ಅವಳು ಗೆರೆಯ ಅಂಚಿಗೆ ಕಾಲು ತಂದಳು. ಕಾಲು ಬೇರುಬಿಟ್ಟಂತೆ ನಿಂತಿತು. ಬೆವರು ಇಳಿಯಿತು. ಅವಳು ಮುಖ ಆಚೆ ತಿರುಗಿಸಿ ಮರಿಯ ಕಿವಿ ತುರಿಸಿದಳು.

ನಾನು ನೆಟ್ಟಗೆ ಬಾವುಟದವನ ಗೂಡಿಗೆ ಹೋಗಿ ಅವನ ಕುತ್ತಿಗೆಪಟ್ಟಿ ಹಿಡಿದೆ. ಅವನು ಹೆದರಲಿಲ್ಲ, ಅಷ್ಟು ಒಪ್ಪಬೇಕು.

“ನನ್ನ ಕುತ್ತಿಗೆ ಹಿಸುಕಿದ್ರೆ ಗೆರೆ ಅಳಿಸಲ್ಲ ತಮ್ಮಾ. ಕಂಡವರೇ ‘ಬೇಡ’ ಅನ್ನಬೇಕು. ಅವಳನ್ನು ನೋಡ್ತಾ ಅನ್ನಬೇಕು.”

“ಯಾರು ಕಂಡವರು?”

“ಕಿಟಕಿ ಕಂಡೆ. ಮುಖ ಕಾಣ್ಲಿಲ್ಲ.”

“ಈವರೆಗೆ ಯಾರಾದರೂ ಹೋಗಿ ಕೇಳಿದ್ದಾರಾ?”

“ಯಾಕೆ ಕೇಳ್ತಾರೆ?” ಅವನಿಗೆ ನಿಜಕ್ಕೂ ಆಶ್ಚರ್ಯ. “ಎಲ್ಲರೂ ಕಾಣೋದಕ್ಕೇ ಕಾಯ್ತಾ ಇದಾರಲ್ಲ.”

ಅಂಬಲಿಯ ಕೆಲಸವನ್ನು ಬುಟ್ಟಿ ಹೆಣೆಯುವವಳಿಗೆ ಒಪ್ಪಿಸಿ, ತಿರುವಿನಲ್ಲಿ ರೈಲು ತುಸು ಉಸಿರು ಬಿಡುವ ಕಡೆ ಕಾದೆ. ಬಂತು. ಪಕ್ಕದಲ್ಲೇ ಓಡಿದೆ. ಎದೆ ಒಡೆಯುವಂತೆ ಓಡಿದೆ. ದೂರದಿಂದ ಅಕ್ಕ ಕೂಗಿದ್ದು ಕೇಳಿತು: “ಬಿದ್ದು ಸತ್ತೀಯೋ ಮುಂಡೇದೇ! ಕಂಬಿ ಹಿಡಿ, ಕಂಬಿ!” ಹಿಡಿದೆ. ಒಳಗೆ ಬಿದ್ದೆ. ಹಳಿ ಹಾಕಿದ ಮೇಲೆ ಹೊರಗಿನಿಂದ ರೈಲು ಹತ್ತಿದವನು ನಾನೇ ಮೊದಲು. ಬರೆದಿಟ್ಟುಕೋ.

ಒಳಗಿದ್ದವರು ಕೆಟ್ಟವರಾಗಿದ್ದಿದ್ದರೆ ಎಷ್ಟು ಸುಲಭವಿತ್ತು! ಅವರು ಜರುಗಿ ಜಾಗ ಕೊಟ್ಟರು. ಕೈಗೆ ಬಿಸಿ ಚಹಾ ಕೊಟ್ಟರು. “ಬನ್ನಿ ಬನ್ನಿ, ಒಳ್ಳೇ ಹೊತ್ತಿಗೆ ಬಂದ್ರಿ. ಎಡಗಡೆ ಕೂತ್ಕೊಳ್ಳಿ, ಉಪ್ಪಿನ ಬಯಲು ಬರ್ತದೆ,” ಅಂದ ಒಬ್ಬ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡವನು.

ಉಪ್ಪಿನ ಬಯಲು ಬಂತು. ಆಕಾಶ ಕೆಳಗೂ ಇತ್ತು, ಮೇಲೂ ಇತ್ತು. ನಡುವೆ ಒಬ್ಬ ಹೆಂಗಸು ಬಿಳೀ ಗುಡ್ಡೆಯ ಪಕ್ಕ ಉಪ್ಪು ಬಳಿಯುವ ಹಲಿಗೆ ಹಿಡಿದು ನಿಂತಿದ್ದಳು, ಬೆಳ್ಳಿಯ ತಟ್ಟೆಯಲ್ಲಿ ಇಟ್ಟ ಕುಂಕುಮದ ಬೊಟ್ಟಿನ ಹಾಗೆ. ದುರ್ಬೀನಿನವನು “ಆಹಾ!” ಅಂದ. ಹಿಂದೆ ಎಲ್ಲೋ ಒಬ್ಬ ಬಾವುಟದವನು ಏಳುವುದನ್ನು ನಾನು ಕಂಡೆ.

“ಬಾಯಿ ಮುಚ್ಚು!” ಅಂದೆ.

“ಯಾಕ್ರೀ? ಅದ್ಭುತವಾಗಿಲ್ವಾ?”

“ಅವಳ ಕಾಲಿನ ಚರ್ಮ ಉಪ್ಪಿಗೆ ಒಡೆದಿರ್ತದೆ.”

ಅವನು ದುರ್ಬೀನು ಕಣ್ಣಿಗಿಟ್ಟು ನೋಡಿದ. “ಇಲ್ಲಿಂದ ಕಾಣಲ್ಲ,” ಅಂದ. ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಬೆಂಕಿ ಹತ್ತಿಸಿದ್ದು. ನಿಜವಾಗಿಯೂ ಇಲ್ಲಿಂದ ಕಾಣುತ್ತಿರಲಿಲ್ಲ.

ಸಮುದ್ರ ಬಂತು. ರೈಲು ನೀರಿನ ಮೇಲೆ ನಡೆಯಿತು. ದೋಣಿಯೊಂದರ ಸುತ್ತ ಅಲೆಗಳ ಮೇಲೆಯೇ ಬಿಳೀ ಗೆರೆ ಏರುತ್ತ ಇಳಿಯುತ್ತ ಇತ್ತು. ದೋಣಿಯವನು ಬಲೆ ಬೀಸಿದ ಭಂಗಿಯಲ್ಲೇ ನಿಂತಿದ್ದ, ಅವನ ಹೆಂಡತಿ ದಡದಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಮರಳು ಬಂತು. ಒಂಟೆಯ ಮೂಗುದಾರ ಹಿಡಿದ ಮುದುಕ, ಅವನ ಸುತ್ತ ಗೆರೆ. ಹಸಿರು ಚಹಾ ತೋಟ ಬಂತು. ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ಸಾಲಾಗಿ, ಒಬ್ಬೊಬ್ಬರಿಗೂ ಒಂದೊಂದು ಗೆರೆ. ರೈಲು ಸುರಂಗ ಹೊಕ್ಕಿತು, ಸುರಂಗ ಬಿಟ್ಟಿತು, ಹಿಮ ಬಂತು.

ಹಿಮವನ್ನು ನಾನು ಕಂಡಿರಲಿಲ್ಲ. ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಬೆಟ್ಟಗಳು ಹಾಲಿನಲ್ಲಿ ಮುಳುಗಿ ಎದ್ದು, ಒರೆಸಿಕೊಳ್ಳದೆ ನಿಂತಿದ್ದವು. ಕುರಿ ಕಾಯುವ ಹುಡುಗಿಯೊಬ್ಬಳು ಆ ಬಿಳುಪಿನಲ್ಲಿ ಓಡುತ್ತಿದ್ದಳು. ಅವಳ ಸುತ್ತ ಗೆರೆ ಇರಲಿಲ್ಲ, ಇನ್ನೂ ಇರಲಿಲ್ಲ. ರೈಲಿನ ಡಬ್ಬಿಯಲ್ಲಿ ಎಲ್ಲರೂ ಬೇರೆ ಕಡೆಯ ಕಿಟಕಿಯಲ್ಲಿದ್ದರು. ಈ ಕಡೆ ನಾನೊಬ್ಬನೇ. ನನ್ನ ಗಂಟಲಿಗೆ ಆ ಶಬ್ದ ತಾನಾಗಿಯೇ ಏರಿ ಬಂತು, ಹಲ್ಲಿನ ತನಕ ಬಂತು. ನಾಲಿಗೆ ಕಚ್ಚಿದೆ. ಇನ್ನೂ ಕಚ್ಚಿದೆ. ರಕ್ತ ಬಂತು, ‘ಆಹಾ’ ಬರಲಿಲ್ಲ. ಹುಡುಗಿ ಓಡಿ ಗುಡ್ಡದ ಆಚೆ ಇಳಿದಳು. ನನ್ನಂಥವನನ್ನು ಇನ್ನೊಬ್ಬನನ್ನು ತೋರಿಸು!

ಡಬ್ಬಿಯಿಂದ ಡಬ್ಬಿಗೆ ಕೇಳುತ್ತಾ ಹೋದೆ. “ಮೇಕೆಮರಿ ಹಿಡಿದ ಹುಡುಗಿಯನ್ನು ಕಂಡವರು ಯಾರು?” ಎಲ್ಲರೂ ಕಂಡಿದ್ದರು. “ಕೆಂಪು ಸೀರೆಯಲ್ವಾ?” “ಅಲ್ಲ, ಅದು ಕರು.” “ನಾನು ಕಂಡದ್ದು ಮೊಲ ಹಿಡಿದವಳು, ಎಷ್ಟು ಮುದ್ದಾಗಿದ್ದಳು ಗೊತ್ತೇ?” ಕಂಡದ್ದು ಎಲ್ಲರಿಗೂ ಬೇಕಾದಷ್ಟಿತ್ತು, ಹಂಚುವಷ್ಟಿತ್ತು. ಯಾರಿಗೂ ಯಾರದೂ ನೆನಪಿರಲಿಲ್ಲ.

ಕೊನೆಯ ಡಬ್ಬಿಯಲ್ಲಿ, ಕಿಟಕಿಗೆ ಹಣೆ ಹಚ್ಚಿ ಕೂತ ಒಬ್ಬ ಅಜ್ಜಿ, ತಿರುಗಿ ನೋಡದೆಯೇ ಅಂದಳು: “ಒಂದೇ ಕಾಲಿಗೆ ಚಪ್ಪಲಿ ಇತ್ತಲ್ಲ, ಅವಳಾ?”

ನಾನು ಅವಳ ಸೀಟಿನ ಕಂಬಿ ಹಿಡಿದೆ. “ಅವಳೇ. ನನ್ನ ಅಕ್ಕ. ಬೇಡ ಅಂದುಬಿಡಿ ಅಜ್ಜಿ.”

“ಏನು ಬೇಡ ಅನ್ನಲಿ?”

“ಅವಳನ್ನು. ನೀವು ‘ಆಹಾ’ ಅಂದ್ರಿ, ಅವಳ ಸುತ್ತ ಗೆರೆ ಬಿತ್ತು. ಅಲ್ಲಿಂದ ಅಲ್ಲಾಡಿಲ್ಲ. ಬಿಸಿಲಿಗೆ ಕಾಲು ಸುಡ್ತದೆ.”

ಅಜ್ಜಿ ಮೆಲ್ಲಗೆ ನಕ್ಕಳು. “ನನ್ನ ಕಿಟಕೀಲಿ ಬಿಸಿಲಿಲ್ಲಪ್ಪ. ಅಲ್ಲಿ ಯಾವಾಗಲೂ ತಂಗಾಳಿ. ಕಣ್ಣು ಮುಚ್ಚಿದ್ರೆ ಸಾಕು, ನಗ್ತಾ ನಿಂತಿರ್ತಾಳೆ. ನಂಗೆ ಮನೆಯಿಲ್ಲ, ಊರಿಲ್ಲ, ಇಳಿಯೋ ಜಾಗ ಇಲ್ಲ. ಕಂಡದ್ದಷ್ಟೇ ನನ್ನ ಬದುಕು. ಅದನ್ನೂ ಬೇಡ ಅಂದರೆ ನನ್ನ ಹತ್ತಿರ ಏನು ಉಳೀತು?”

“ಅವಳು ನಗ್ತಿರ್ಲಿಲ್ಲ! ಮೇಕೆಗೆ ಬೈತಿದ್ದಳು!”

“ನಂಗೆ ನಗ್ತಿದ್ದಳು,” ಅಂದಳು ಅಜ್ಜಿ.

ಕೈ ಎತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಅವಳ ಎದುರು ಕೂತೆ, ರೈಲು ಸುತ್ತು ಮುಗಿಸುವ ತನಕ ಕೂತೆ. ಅವಳು ತನ್ನ ಬುತ್ತಿಯಲ್ಲಿ ನನಗೆ ಪಾಲು ಕೊಟ್ಟಳು. ನಾನು ತಿಂದೆ, ಸಿಟ್ಟಿನಿಂದಲೇ ತಿಂದೆ. ಕೊನೆಗೆ ಅವಳು ಅಂದಳು, “ಆಯ್ತಪ್ಪ, ಇನ್ನೊಂದು ಸಲ ನೋಡ್ತೀನಿ. ನೀನು ಹೇಳಿದಂಗಿದ್ರೆ ಬೇಡ ಅಂತೀನಿ.”

ನಮ್ಮ ಗುಡ್ಡ ಬಂತು. ನಮ್ಮ ಅಬ್ಬಿ ಬಂತು. ಅಯ್ಯೋ, ನಮ್ಮೂರು ಕಿಟಕಿಯಿಂದ ಹೀಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ! ಕೆಂಪು ಗೋಡೆ, ಬಂಗಾರದ ಗದ್ದೆ, ನೇಗಿಲು, ಬುಟ್ಟಿ, ನಗು. ಗೋಣಿಚೀಲ ಎಲ್ಲೂ ಇಲ್ಲ. ನಡುವೆ ಅಕ್ಕ, ಎದೆಗೆ ಬಿಳೀ ಮರಿ, ಗಾಳಿಗೆ ಹಾರುವ ಸೆರಗು.

“ಆಹಾ!” ಅಂದಳು ಅಜ್ಜಿ, ಮತ್ತೆ.

ನಾನು ಮೇಲೆ ನೋಡಿದೆ. ಸೀಟಿನ ಮೇಲೆ ಒಂದು ಸರಪಳಿ ಇತ್ತು. ಅದು ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ಜೇಡ ಮನೆ ಕಟ್ಟಿ ಮೊಮ್ಮಕ್ಕಳನ್ನು ಕಂಡಿತ್ತು. ನಾನು ಕೈ ಹಾಕಿದೆ.

“ಬೇಡಯ್ಯಾ!” ನನ್ನ ಬೆನ್ನ ಹಿಂದೆಯೇ ಆ ಡಬ್ಬಿಗೂ ಬಂದಿದ್ದ ದುರ್ಬೀನಿನವನು ಕಿರುಚಿದ. “ನಿಂತರೆ ನೋಟ ಸಾಯ್ತದೆ!”

“ಸಾಯಲಿ!” ಅಂದೆ. ಎಳೆದೆ. ಟಗರು ಎತ್ತಿದ ತೋಳು ಇದು. ದೇಶವನ್ನೆಲ್ಲ ಎಳೆದಂತೆ ಎಳೆದೆ.

ರೈಲು ಕಿರುಚಿತು. ರೈಲು ನಿಂತಿತು.

ಊರು ಕದಲಲಿಲ್ಲ. ರೈಲು ಹೋಗುವ ತನಕ ಕದಲಬಾರದಲ್ಲ. ರೈಲು ಹೋಗಲಿಲ್ಲ. ಉಳುವವನ ತೋಳು ನಡುಗತೊಡಗಿತು. ಅವನ ಎತ್ತು ಇಷ್ಟು ಹೊತ್ತು ನಿಂತು ಗೊತ್ತಿಲ್ಲದೆ ಮಲಗಿಬಿಟ್ಟಿತು. ಕೈ ಬೀಸುತ್ತಿದ್ದ ಮಕ್ಕಳು ಕೈ ಬದಲಿಸಿದರು, ಆಮೇಲೆ ಕೂತರು, ಒಂದು ಕೂಸು ನಿಂತಲ್ಲೇ ಉಚ್ಚೆ ಹೊಯ್ಯಿತು. ಗಾಳಿ ತಿರುಗಿತು, ಕೊಳೆತ ಬತ್ತದ ವಾಸನೆ, ಹೊಂಡದ ವಾಸನೆ ಕಿಟಕಿಯೊಳಗೆ ಬಂತು. ಗೋಡೆಯ ಪಕ್ಕದಿಂದ ಗೋಣಿಚೀಲದ ತುದಿ ಹಾರಿ ಕಂಡಿತು. ಮರದ ಹಿಂದಿನಿಂದ ಹಿರೀಕ ಪಿಸುಗುಟ್ಟುತ್ತಿದ್ದ, “ನಗ್ರೋ... ನಗ್ರೋ...” ಯಾರ ಮುಖದಲ್ಲೂ ನಗು ಹೆಚ್ಚು ಹೊತ್ತು ನಿಲ್ಲಲೊಲ್ಲದು.

ಡಬ್ಬಿಯಿಂದ ಡಬ್ಬಿಗೆ ಕಿಟಕಿಯ ಪರದೆಗಳು ಸರಸರನೆ ಇಳಿದವು. ಅಜ್ಜಿಯ ಪರದೆಯನ್ನು ಮಾತ್ರ ನಾನು ಬಿಗಿಯಾಗಿ ಹಿಡಿದಿದ್ದೆ.

ಅಕ್ಕ ಆ ಕಿಟಕಿಯನ್ನು ನೋಡಿದಳು. ನೇರವಾಗಿ ನೋಡಿದಳು. ಮರಿಯನ್ನು ಕಂಕುಳಿಗೆ ಬದಲಿಸಿ, ಸುಟ್ಟ ಕಾಲನ್ನು ಇನ್ನೊಂದು ಕಾಲಿನ ಮೇಲೆ ಇಟ್ಟುಕೊಂಡು ಅಂದಳು:

“ಏನಮ್ಮಾ, ಎಷ್ಟು ಹೊತ್ತು ನೋಡ್ತೀರಿ? ಮಾಡೋಕೆ ಬೇರೆ ಕೆಲಸ ಇಲ್ವಾ ನಿಮಗೆ?”

ಅಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು. “ಅಯ್ಯೋ, ಇದು ಮಾತಾಡ್ತದೆ!”

“ಮಾತಾಡ್ದೆ ಏನು? ಬೈಯ್ಯೋಕೂ ಬರ್ತದೆ. ಕೆಳಗಿಳೀರಿ, ಈ ಕಲ್ಲ ಮೇಲೆ ಒಂದು ಗಳಿಗೆ ಬರಿಗಾಲಲ್ಲಿ ನಿಂತ್ಕೊಳ್ಳಿ, ನಾನೂ ನಿಮ್ಮನ್ನ ನೋಡಿ ‘ಆಹಾ’ ಅಂತೀನಿ.”

ಅಜ್ಜಿಯ ಮುಖ ಸುಕ್ಕಿನೊಳಗೆ ಸುಕ್ಕಾಯಿತು. ಎರಡು ಕೈಯಿಂದ ಕಣ್ಣು ಮುಚ್ಚಿಕೊಳ್ಳಲು ಹೋದಳು. ನಾನು ಕೈ ಹಿಡಿದೆ. “ನೋಡ್ತಾ ಅನ್ನಿ,” ಅಂದೆ.

“ಬೇಡ,” ಅಂದಳು ಅವಳು, ನೋಡುತ್ತಾ. “ಬೇಡಪ್ಪ, ಬೇಡ. ಇವಳು ನಾನು ಕಂಡವಳಲ್ಲ. ನಂಗೆ ಇವಳು ಬೇಡ.” ಅವಳು ಅಳುತ್ತಿದ್ದಳು. ಅಳಲಿ. ನನ್ನ ಅಕ್ಕ ಅತ್ತದ್ದನ್ನು ಯಾವ ಕಿಟಕಿ ಕಂಡಿತ್ತು?

ನಾನು ಕೆಳಕ್ಕೆ ಹಾರಿದೆ. ರೈಲು ನನ್ನ ಬೆನ್ನಿನ ಹಿಂದೆ ಹೊರಟಿತು. ಅಕ್ಕ ಗೆರೆಯ ಅಂಚಿಗೆ ಬಂದು ಕಾಲು ಎತ್ತಿದಳು, ಕಾಲು ಎದ್ದಿತು. ಇಷ್ಟು ದಿನ ನಡೆದಿರದ ಕಾಲು, ಎರಡು ಹೆಜ್ಜೆಗೇ ಮುಗ್ಗರಿಸಿತು. ಹಿಡಿಯಲು ಹೋದೆ. “ಬಿಡೋ, ನಾನೇ ಬೀಳ್ತೀನಿ, ನಾನೇ ಏಳ್ತೀನಿ,” ಅಂದಳು. ಬಿದ್ದಳು. ಎದ್ದಳು.

ಇಲ್ಲಿಗೆ ಕತೆ ಮುಗಿದು, ಊರವರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು ಅಂದುಕೊಂಡೆಯಾ? ಎಲ್ಲಿಯ ಊರು ನಿನ್ನದು!

ಹಿರೀಕ ಮರದ ಹಿಂದಿನಿಂದ ಬಂದ. ತಲೆ ತಲೆ ಚಚ್ಚಿಕೊಂಡ. “ಕೆಡಿಸಿಬಿಟ್ಟೆಯಲ್ಲೋ! ಊರಿನ ಹಿಂಬದಿ ತೋರಿಸಿಬಿಟ್ಟೆಯಲ್ಲೋ! ಇನ್ನು ಯಾವ ಕಿಟಕಿ ನಮ್ಮ ಕಡೆ ತೆರೀತದೆ?” ಉಳುವವನು ನನ್ನ ಕಡೆ ಉಗಿದ. ಬುಟ್ಟಿ ಹೆಣೆಯುವವಳು “ನಿಮ್ಮಕ್ಕನಿಂದ ಊರಿಗೊಂದು ಹೆಸರಿತ್ತು,” ಅಂತ ಬಾಯಿ ಬಡಿದುಕೊಂಡಳು. ಇಷ್ಟು ದಿನ ಅಕ್ಕನಿಗೆ ಅಂಬಲಿ ಕೊಟ್ಟವಳು!

ನಾನು ಕೂಗಿದೆ. ಉಪ್ಪಿನ ಬಯಲಿನವಳ ಕಾಲು ಹೇಳಿದೆ, ದೋಣಿಯವನ ಹೆಂಡತಿಯ ಬುತ್ತಿ ಹೇಳಿದೆ. ಅವರೆಲ್ಲ ಕಿವಿಗೊಟ್ಟು ಕೇಳಿದರು. ಕೇಳಿ, ಹಿರೀಕ ಕೇಳಿದ ಪ್ರಶ್ನೆ ಇದು: “ಅವರದು ನಮಗಿಂತ ಚೆಂದ ಇದೆಯಾ?”

ಸಂಜೆಯೊಳಗೆ ಖಾಲಿ ಬಿದ್ದ ಆ ಸುಣ್ಣದ ಗೆರೆಯ ಮುಂದೆ ತಾಯಂದಿರು ಸಾಲು ನಿಂತಿದ್ದರು. ಒಬ್ಬೊಬ್ಬಳ ಕೈಯಲ್ಲಿ ಒಬ್ಬೊಬ್ಬ ಮಗಳು. ತಲೆ ಬಾಚಿ, ಹೂ ಮುಡಿಸಿ, ಒಂದು ಕಾಲಿನ ಚಪ್ಪಲಿ ಬಿಚ್ಚಿಸಿ ಕರೆತಂದಿದ್ದರು. “ನನ್ನ ಮಗಳು ಅವಳಿಗಿಂತ ಚೆನ್ನಾಗಿ ನಿಲ್ತಾಳೆ,” “ನನ್ನ ಮಗಳು ಮಾತೇ ಆಡಲ್ಲ,” ಅಂತ ಜಗಳ ಬಿದ್ದಿತ್ತು. ಅಕ್ಕ ಅವರನ್ನು ನೋಡಿದಳು. ಕಂಕುಳಲ್ಲಿದ್ದ ಮರಿಯನ್ನು ಕೆಳಗಿಳಿಸಿದಳು. ನನ್ನ ಅಕ್ಕ ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನೋಟ ಕೆಡಿಸಿದವನು ನೋಟದೊಳಗೆ ಇರುವಂತಿಲ್ಲ ಎಂದು ಹಿರೀಕ ತೀರ್ಪು ಕೊಟ್ಟ. ನನ್ನ ಜೊತೆ ಹೋಗುವವರು ಯಾರು ಎಂದು ಕೇಳಿದ. ಅಕ್ಕ ಒಂದು ಕಾಲಿನಲ್ಲಿದ್ದ ಚಪ್ಪಲಿಯನ್ನೂ ಕಳಚಿ ಎಸೆದು ನನ್ನ ಪಕ್ಕ ಬಂದು ನಿಂತಳು.

ನಮಗಿಬ್ಬರಿಗೆ ಇರಲು ಊರು ಕೊನೆಗೆ ಕೊಟ್ಟದ್ದು ಇಷ್ಟು: ಹಳಿಯ ದಿಬ್ಬದ ಬುಡದಲ್ಲಿ, ತಗ್ಗಿನೊಳಗೆ, ಯಾವ ಕಿಟಕಿಗೂ ಕಾಣದ, ಒಂದು ಎತ್ತು ಮೈಚಾಚಿ ಮಲಗುವಷ್ಟು ನೆಲ.